ಲಿಫ್ಟಕ್ಕನ ಸೀ ಆಫ್

ನಮ್ಮ ಎಂಟು ಮಹಡಿಯ ಕಟ್ಟಡದಲ್ಲಿ ಇಂಗ್ಲಿಷಿನಿಂದ ಯಾರಿಗೂ ಅಪಾಯವಾದದ್ದಿಲ್ಲ. ಹೋದ ವರ್ಷ ಮಾತ್ರ ಒಬ್ಬರಿಗೆ ಆಗುವುದರಲ್ಲಿತ್ತು. ಅವರು ನಮ್ಮ ನಿವಾಸಿಗಳ ಸಂಘದ ಸೆಕ್ರೆಟರಿಗಳು.

ಸೆಕ್ರೆಟರಿಗಳದು ಮೂರನೇ ಮಹಡಿ. ಒಂದು ವಿಮಾ ಕಚೇರಿಯ ರವಾನೆ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಲಕೋಟೆಗೆ ಕಾಗದ ತುಂಬಿ ಅಂಟಿಸುವ ಕೆಲಸ. ಒಳಗಿನ ಕಾಗದ ಓದುವುದು ನಿಯಮಕ್ಕೆ ವಿರುದ್ಧವಾದ್ದರಿಂದ ಅವರ ಇಂಗ್ಲಿಷ್ ಜ್ಞಾನವೆಲ್ಲ ಹೊರಗಿನ ವಿಳಾಸದಿಂದ ಬಂದದ್ದು. ಆ ಮಟ್ಟಿಗೆ ಅದು ಗಟ್ಟಿಯಾಗಿಯೇ ಇತ್ತು. ಊರು, ಬೀದಿ, ಮನೆ ನಂಬರು ಇವುಗಳಲ್ಲಿ ಅವರು ಒಂದು ತಪ್ಪನ್ನೂ ಮಾಡುತ್ತಿರಲಿಲ್ಲ. ಆದರೆ ಭಾಷೆಯಲ್ಲಿ ಕ್ರಿಯಾಪದ ಎಂಬುದೊಂದು ಇರುತ್ತದಲ್ಲ, ಅದು ಲಕೋಟೆಯ ಮೇಲೆ ಬರುವುದಿಲ್ಲ.

ನಾಲ್ಕು ವರ್ಷದಿಂದ ಕಟ್ಟಡದ ನೋಟಿಸುಗಳನ್ನು ಅವರು ನಮ್ಮ ಭಾಷೆಯಲ್ಲೇ ಬರೆಯುತ್ತಿದ್ದರು. ‘ನಾಳೆ ಬೆಳಿಗ್ಗೆ ನೀರು ಬರುವುದಿಲ್ಲ. ಇವತ್ತೇ ತುಂಬಿಸಿಟ್ಟುಕೊಳ್ಳಿ. ಪಕ್ಕದ ಮನೆಯವರಿಗೂ ಹೇಳಿ.’ ಇಷ್ಟೇ. ಯಾರಿಗೂ ಅರ್ಥವಾಗದೆ ಉಳಿದದ್ದಿಲ್ಲ. ಹೀಗಿರುವಾಗ ನಾಲ್ಕನೇ ಮಹಡಿಯ ವಕೀಲರು ಒಂದು ದಿನ ಹೋಗುತ್ತಾ ಹೋಗುತ್ತಾ, ನೋಟಿಸು ಅಂದ ಮೇಲೆ ಇಂಗ್ಲಿಷಿನಲ್ಲಿದ್ದರೆ ಅದಕ್ಕೊಂದು ತೂಕ ಎಂದುಬಿಟ್ಟರು. ಅವರು ಹೇಳಿ ಮರೆತರು. ಇವರು ಕೇಳಿ ಮರೆಯಲಿಲ್ಲ.

ಇನ್ನು ಲಿಫ್ಟಕ್ಕನ ವಿಷಯ. ನಮ್ಮ ಲಿಫ್ಟು ಹಳೆಯ ಕಾಲದ್ದು. ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು, ಒಳಗೆ ಒಂದು ಹಿತ್ತಾಳೆಯ ಹಿಡಿ. ಹಿಡಿಯನ್ನು ಸರಿಯಾದ ಗಳಿಗೆಗೆ ತಿರುಗಿಸಿದರೆ ಮಹಡಿಯ ನೆಲಕ್ಕೆ ಸರಿಸಮನಾಗಿ ನಿಲ್ಲುತ್ತದೆ. ಕಣ್ಣು ಮಿಟುಕಿಸಿದರೆ ಮೊಣಕಾಲೆತ್ತರ ಮೇಲೋ ಕೆಳಗೋ. ಆ ಹಿಡಿಯ ಮುಂದೆ ಸ್ಟೂಲು ಹಾಕಿಕೊಂಡು ಮೂವತ್ತೊಂದು ವರ್ಷದಿಂದ ಕೂತಿದ್ದವಳು ಲಿಫ್ಟಕ್ಕ. ಅವಳ ಕೈಯಲ್ಲಿ ಲಿಫ್ಟು ಒಮ್ಮೆಯೂ ಕುಲುಕಿದ್ದಿಲ್ಲ. ಈಗ ಅದರ ಬಿಡಿಭಾಗಗಳು ಸಿಗುವುದಿಲ್ಲವೆಂದು ಕಂಪನಿಯವರು ಕೈಚೆಲ್ಲಿದರು. ಗುಂಡಿ ಒತ್ತುವ ಹೊಸ ಲಿಫ್ಟು ಬರುವುದೆಂದು ನಿಶ್ಚಯವಾಯಿತು. ಅದೇ ವಾರ ಲಿಫ್ಟಕ್ಕ ಸೆಕ್ರೆಟರಿಗಳ ಬಳಿ ಬಂದು, ಬರುವ ಭಾನುವಾರ ಮಧ್ಯಾಹ್ನದ ಬಸ್ಸಿಗೆ ತಂಗಿಯ ಮನೆಗೆ ಹೊರಡುತ್ತೇನೆ, ಇನ್ನು ಅಲ್ಲೇ ಇರುತ್ತೇನೆ ಎಂದು ತಿಳಿಸಿದಳು. ಯಾಕೆ ಏನು ಎಂದು ಕೆದಕಿ ಕೇಳುವುದು ಸಭ್ಯತೆಯಲ್ಲವೆಂದು ಸೆಕ್ರೆಟರಿಗಳು “ಹಾಗೇ ಆಗಲಿ ಅಕ್ಕಾ” ಎಂದಷ್ಟೇ ಹೇಳಿ, ಒಳಗೆ ಹೋಗಿ ಮೂಗು ಒರೆಸಿಕೊಂಡರು.

ಮೂಗು ಒರೆಸಿಕೊಳ್ಳುತ್ತಿರುವಾಗಲೇ ಅವರಿಗೆ ಯೋಚನೆ ಹೊಳೆದದ್ದು. ಇಡೀ ಕಟ್ಟಡ ಸೇರಿ ಅವಳನ್ನು ಬೀಳ್ಕೊಡಬೇಕು, ಅದೂ ಅವಳಿಗೆ ಗೊತ್ತಾಗದ ಹಾಗೆ. ನೋಟಿಸ್ ಬೋರ್ಡು ಇರುವುದು ಲಿಫ್ಟಿನ ಪಕ್ಕದಲ್ಲೇ. ನಮ್ಮ ಭಾಷೆಯಲ್ಲಿ ಬರೆದರೆ ಮೊದಲು ಓದುವವಳು ಅವಳೇ. ಇಂಗ್ಲಿಷಿನಲ್ಲಿ ಬರೆದರೆ ಅವಳಿಗೆ ತಿಳಿಯದು. ಗುಟ್ಟಿಗೆ ಗುಟ್ಟೂ ಆಯಿತು, ತೂಕಕ್ಕೆ ತೂಕವೂ ಆಯಿತು.

ಬೀಳ್ಕೊಡುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ಅವರ ಮೇಲಧಿಕಾರಿ ಆಗಾಗ ಮಾವನವರನ್ನು ಸ್ಟೇಷನ್ನಿನಲ್ಲಿ ‘ಸೀ ಆಫ್’ ಮಾಡಿಬರುತ್ತೇನೆ ಎಂದು ಹೇಳಿ ಮೂರು ಗಂಟೆಗೇ ಎದ್ದುಹೋಗುತ್ತಿದ್ದುದು ನೆನಪಾಯಿತು. ಸೀ ಎಂದರೆ ನೋಡು. ಆಫ್ ಎಂದರೆ ದೀಪ ಆರಿಸುವುದು. ಎರಡೂ ಸೇರಿದರೆ ಬೀಳ್ಕೊಡುಗೆ ಹೇಗಾಗುತ್ತದೆಂದು ಅವರಿಗೆ ಹೊಳೆಯಲಿಲ್ಲ. ಆದರೂ ಮೇಲಧಿಕಾರಿ ಹೇಳಿದ ಮೇಲೆ ಆಯಿತಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಕೆಳಗೆ ಸೇರಿ ಲಿಫ್ಟಕ್ಕನನ್ನು ಸೀ ಆಫ್ ಮಾಡತಕ್ಕದ್ದು ಎಂದು ಬರೆದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಮಗಾಗಿ ಅವಳು ಎಷ್ಟೊಂದು ತೊಂದರೆ ತೆಗೆದುಕೊಂಡಿದ್ದಾಳೆ ಎಂದು ಸೇರಿಸಲು ಹೋದರು. ಅದು ಇಂಗ್ಲಿಷಿಗೆ ದಾಟುವಾಗ ಉಲ್ಟಾ ಆಗಿ, ಮೂವತ್ತೊಂದು ವರ್ಷದಿಂದ ಅವಳು ನಮಗೆ ತೊಂದರೆ ಕೊಡುತ್ತಿದ್ದಾಳೆ ಎಂದಾಯಿತು. ಕಡೆಗೆ, ನಿಮ್ಮ ಕೈಲಾದ ಉಡುಗೊರೆ ತನ್ನಿ ಎಂಬುದನ್ನು ಪದಕ್ಕೆ ಪದ ಹೊರಿಸಿದಾಗ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಬನ್ನಿ ಎಂದು ಬಂತು. ಕೆಳಗೆ ಮೊಹರು ಒತ್ತಿ, ಬುಧವಾರ ಬೆಳಿಗ್ಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಕಚೇರಿಗೆ ಹೋದರು.

ಏಳನೇ ಮಹಡಿಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರಿದ್ದಾರೆ. ಒಂದು ಪದ ಕಂಡರೆ ಅದರ ಅಜ್ಜ ಮುತ್ತಜ್ಜನವರೆಗೆ ವಿಚಾರಿಸದೆ ಬಿಡುವವರಲ್ಲ. ಒಂಬತ್ತು ಗಂಟೆಗೆ ನೋಟಿಸನ್ನು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಅಷ್ಟರಲ್ಲಿ ಕೆಲಸಕ್ಕೆ ಹೊರಟ ಹತ್ತು ಹನ್ನೆರಡು ಜನ ಸೇರಿದ್ದರು, ಆರನೇ ಮಹಡಿಯ ನಾನೂ ಒಬ್ಬ. ಲಿಫ್ಟಕ್ಕ ಮೇಲೆ ಹೋಗಿದ್ದಳು. ಮೇಷ್ಟ್ರು ತಗ್ಗಿದ ದನಿಯಲ್ಲಿ ಪಾಠ ಮಾಡಿದರು. ಸೀ ಆಫ್ ಎಂಬುದಕ್ಕೆ ಎರಡು ಅರ್ಥ. ಊರಿಗೆ ಹೊರಟ ನೆಂಟರನ್ನು ಬಸ್ಸಿನವರೆಗೆ ಹೋಗಿ ಕಳಿಸಿಕೊಡುವುದು ಒಂದು. ಮನೆಗೆ ನುಗ್ಗಿದ ಕಳ್ಳನನ್ನು ನಾಯಿ ಬೊಗಳಿ ಓಡಿಸುತ್ತದಲ್ಲ, ಅದೂ ಸೀ ಆಫೇ. ಎರಡರಲ್ಲಿ ಯಾವುದೆಂದು ತಿಳಿಯಬೇಕಾದರೆ ಅಕ್ಕಪಕ್ಕದ ಮಾತುಗಳನ್ನು ನೋಡಬೇಕು.

“ಅಕ್ಕಪಕ್ಕ ಏನಿದೆ ಮೇಷ್ಟ್ರೇ?” ಎಂದು ಯಾರೋ ಕೇಳಿದರು.

“ಒಂದು ಪಕ್ಕ ತೊಂದರೆ ಕೊಟ್ಟಿದ್ದಾಳೆ ಅಂತಿದೆ. ಇನ್ನೊಂದು ಪಕ್ಕ ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡು ಬನ್ನಿ ಅಂತಿದೆ” ಎಂದರು ಮೇಷ್ಟ್ರು. “ನೆಂಟರನ್ನ ಯಾರೂ ಹಾಗೆ ಕಳಿಸೋದಿಲ್ಲ.”

ಅಷ್ಟರಲ್ಲಿ ಲಿಫ್ಟು ಇಳಿದು ಬಂತು, ಜಾಲರಿ ಸರಿಯಿತು. ಲಿಫ್ಟಕ್ಕ ಎಂದಿನಂತೆ “ಬನ್ನಿ, ಮೇಲಕ್ಕೆ” ಎಂದಳು. ಕೆಲಸಕ್ಕೆ ಹೊರಟಿದ್ದವರೆಲ್ಲ ಏನು ಮಾಡುವುದೆಂದು ತೋಚದೆ ಅವಳ ಜೊತೆ ಮೇಲಕ್ಕೆ ಹೋಗಿ ಮತ್ತೆ ಇಳಿದು ಬಂದೆವು.

ಸಂಜೆಯೊಳಗೆ ಸುದ್ದಿ ಎಂಟು ಮಹಡಿಗೂ ಹರಡಿತು. ಸೆಕ್ರೆಟರಿಗಳು ಇಷ್ಟು ಕಟುಕರೆಂದು ಯಾರೂ ಎಣಿಸಿರಲಿಲ್ಲ. ಸೊಳ್ಳೆ ಹೊಡೆಯುವುದಕ್ಕೂ ಹಿಂದೆ ಮುಂದೆ ನೋಡುವ ಮನುಷ್ಯ. ಆದ್ದರಿಂದಲೇ ವಿಷಯ ಭಾರಿಯಾಗಿರಬೇಕು, ಒಳಗೆ ಏನೋ ದ್ವೇಷ ಬೆಳೆದಿರಬೇಕು ಎಂದು ಮಾತಾಯಿತು. ಗುರುವಾರ ಬೆಳಿಗ್ಗೆ ವಕೀಲರು ಅವರನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದರು. ನಾನು ಎರಡು ಮೆಟ್ಟಿಲು ಕೆಳಗೆ ಶೂ ದಾರ ಕಟ್ಟಿಕೊಳ್ಳುತ್ತಾ, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕಟ್ಟಿಕೊಂಡೆ.

“ಆ ನೋಟಿಸು ಯೋಚನೆ ಮಾಡಿಯೇ ಬರೆದ್ರಾ?” ಎಂದರು ವಕೀಲರು.

“ಮೂರು ದಿನ ಯೋಚನೆ ಮಾಡಿದ್ದೀನಿ ಸಾರ್. ಊಟ ಸೇರ್ತಿರಲಿಲ್ಲ.”

“ಎಲ್ಲರ ಎದುರಿಗೆ ಮಾಡಲೇಬೇಕಾ? ಒಳಗೆ ಕರೆದು ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?”

“ಒಳಗೆ ಕರೆದು ಹೇಳೋದರಲ್ಲಿ ಏನು ಚೆಂದ ಸಾರ್? ಎಲ್ಲರೂ ಸೇರಿ ಮಾಡಿದ್ರೆ ಅವರು ಬದುಕಿರೋ ತನಕ ಮರೀಬಾರದು, ಹಾಗಿರಬೇಕು.”

“ಅವರಿಗೆ ಇದು ಗೊತ್ತಾ?”

“ಸುಳಿವೇ ಇಲ್ಲ” ಎಂದು ಸೆಕ್ರೆಟರಿಗಳು ಗುಟ್ಟಾಗಿ ನಕ್ಕರು. “ಲಿಫ್ಟಿಂದ ಆಚೆ ಕಾಲಿಡ್ತಿದ್ದ ಹಾಗೇ ನಾಲ್ಕೂ ಕಡೆಯಿಂದ ಸುತ್ತುವರಿದುಬಿಡೋಣ. ನೀವೂ ಬರಬೇಕು ಸಾರ್. ನೀವು ಮುಂದೆ ನಿಂತ್ರೆ ಮಿಕ್ಕವರಿಗೆ ಧೈರ್ಯ.”

ವಕೀಲರು ಮೂವತ್ತು ವರ್ಷದಲ್ಲಿ ಬಗೆಬಗೆಯ ಆರೋಪಿಗಳನ್ನು ಕಂಡವರು. ಇಷ್ಟು ಹಸನ್ಮುಖದಿಂದ ತಪ್ಪೊಪ್ಪಿಕೊಂಡವನನ್ನು ಕಂಡಿರಲಿಲ್ಲವಂತೆ. ಅವತ್ತೇ ಕಾರ್ಮಿಕ ಇಲಾಖೆಗೆ ದೂರು ಕೊಡುವುದೆಂದು ತೀರ್ಮಾನಿಸಿದರು.

ಸೆಕ್ರೆಟರಿಗಳ ಮನೆಯಲ್ಲಿ ಇದರ ಬಿಸಿ ಬೇರೆ ಥರ ತಟ್ಟಿತು. ಅವರ ಅತ್ತೆಯವರು ಮಗಳ ಜೊತೆಗೇ ಇರುವವರು. ಲಿಫ್ಟಕ್ಕನಿಗೂ ಅವರಿಗೂ ಬಹಳ ಸಲುಗೆ. ಅವರು ಅಳಿಯನೊಡನೆ ಮಾತು ಬಿಟ್ಟರು. ಸೆಕ್ರೆಟರಿಗಳು ಇದನ್ನು ಗಮನಿಸಲಿಲ್ಲ. ಈ ವಾರ ಮನೆಯಲ್ಲಿ ಏನೋ ಶಾಂತಿ ಇದೆ ಎಂದುಕೊಂಡರು. ಹೆಂಡತಿ ಮಾತ್ರ ತಡೆಯಲಾರದೆ, “ರೀ, ಆ ಅಕ್ಕ ನಿಮಗೆ ಅಂಥದ್ದೇನು ಮಾಡಿದ್ರು?” ಎಂದು ಕೇಳಿದರು. “ಏನು ಮಾಡಿಲ್ಲ ಹೇಳು. ಅದೆಲ್ಲ ಒಟ್ಟಿಗೆ ತೀರಿಸಬೇಕು ಅಂತಲೇ ಇದು” ಎಂದರು ಇವರು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ಎಂಥ ಮೃದು ಹೃದಯ ಇವಳದು ಎಂದು ಸೆಕ್ರೆಟರಿಗಳು ಮನಸ್ಸಿನಲ್ಲೇ ಮೆಚ್ಚಿದರು.

ಲಿಫ್ಟಕ್ಕನಿಗೆ ಯಾರೂ ಏನೂ ಹೇಳಲಿಲ್ಲ. ಅವಳ ಮುಖ ನೋಡಿದರೆ ಬಾಯಿ ಬರುತ್ತಿರಲಿಲ್ಲ. ಹೇಳುವ ಬದಲು ಎಲ್ಲರೂ ಅವಳಿಗೆ ಉಪಚಾರ ಶುರುಮಾಡಿದೆವು. ಸ್ಟೂಲಿನ ಮೇಲೆ ದಿಂಬು ಬಂತು. ಬೆನ್ನಿಗೆ ಇನ್ನೊಂದು ದಿಂಬು ಬಂತು. ಬೆಳಿಗ್ಗೆ ಹತ್ತರೊಳಗೆ ಅವಳು ಒಂಬತ್ತು ಲೋಟ ಟೀ ಕುಡಿಯಬೇಕಾಯಿತು. ಎರಡನೇ ಮಹಡಿಯ ಬ್ಯಾಂಕಿನವರು, ವರ್ಷಗಟ್ಟಲೆ ಗಡಿಯಾರ ನೋಡುತ್ತಾ ಲಿಫ್ಟು ಹತ್ತುತ್ತಿದ್ದವರು, ಅವಳ ಕೈ ಹಿಡಿದು, ಏನೇ ಆಗಲಿ ಅಕ್ಕಾ, ನಾವೆಲ್ಲ ಇದ್ದೇವೆ, ಧೈರ್ಯವಾಗಿರಿ ಎಂದರು. ಎಂಟನೇ ಮಹಡಿಯ ದಂಪತಿಗಳಂತೂ ಅವಳಿಗೆ ಶ್ರಮ ಕೊಡಬಾರದೆಂದು ಮೆಟ್ಟಿಲು ಹತ್ತಿ ಹೋದರು. ಶುಕ್ರವಾರ ಲಿಫ್ಟಕ್ಕ ಒಂದು ಗಂಟೆ ಬಿಡುವು ಕೇಳಿ ಬೀದಿ ಕೊನೆಯ ಡಾಕ್ಟರ ಬಳಿಗೆ ಹೋದಳು. ತನಗೇನೋ ದೊಡ್ಡ ಕಾಯಿಲೆ ಇದೆ, ಅದು ಕಟ್ಟಡದವರಿಗೆಲ್ಲ ಗೊತ್ತಿದೆ, ತನ್ನಿಂದ ಮಾತ್ರ ಮುಚ್ಚಿಟ್ಟಿದ್ದಾರೆ, ನಿಜ ಹೇಳಿ ಎಂದು ಕೇಳಿದಳಂತೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಟೀ ಕಡಿಮೆ ಮಾಡಿ ಎಂದರಂತೆ.

ಇದನ್ನೆಲ್ಲ ನೋಡುತ್ತಿದ್ದ ಸೆಕ್ರೆಟರಿಗಳಿಗೆ ಹಿಗ್ಗು. ಒಂದು ನೋಟಿಸಿಗೆ ಜನ ಹೀಗೆ ಕರಗುವುದುಂಟೇ? ನಾಲ್ಕು ವರ್ಷ ನೀರಿನ ನೋಟಿಸು ಬರೆದು ಕಾಲ ಹಾಳು ಮಾಡಿದೆನಲ್ಲ ಎನ್ನಿಸಿತು.

ದೂರಿಗೆ ಸಹಿ ಸಂಗ್ರಹಿಸುವ ಭಾರ ಅತ್ತೆಯವರೇ ಹೊತ್ತುಕೊಂಡರು. ಮನೆಯಿಂದ ಮನೆಗೆ ಹೋದರು. ಬರೀ ಸಹಿ ಹಾಕಿದರೆ ಸಾಲದು, ಲಿಫ್ಟಕ್ಕ ನಿಮಗೆ ಏನು ಮಾಡಿದ್ದಾಳೆ ಎಂದು ಒಂದು ಸಾಲು ಬರೆಯಿರಿ, ಅಧಿಕಾರಿಗಳು ಓದಲಿ ಎಂದು ಕೂತು ಬರೆಸಿದರು. ಆರು ಹಾಳೆ ತುಂಬಿತು. ಶನಿವಾರ ಮಧ್ಯಾಹ್ನ ಅದನ್ನು ಮಡಿಚಿ ಅಳಿಯನ ಮುಂದೆ ಹಿಡಿದು, ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟು, “ನೀವೂ ಹಾಕ್ತೀರಾ?” ಎಂದರು. ನಾಚಿಕೆಯಾಗಲಿ ಎಂದು ಅವರ ಉದ್ದೇಶ. ಸೆಕ್ರೆಟರಿಗಳು ಅದು ಶುಭಾಶಯ ಪತ್ರವೆಂದುಕೊಂಡು, ಬಿಚ್ಚಿ ನೋಡುವುದು ಸರಿಯಲ್ಲವೆಂದು, ಹೊರಮೈಯಲ್ಲೇ ದೊಡ್ಡದಾಗಿ ಸಹಿ ಮಾಡಿ, ಕೆಳಗೆ ‘ತುಂಬು ಮನಸ್ಸಿನಿಂದ’ ಎಂದು ಬರೆದರು. ತನ್ನ ಮೇಲಿನ ದೂರಿಗೆ ತಾನೇ ತುಂಬು ಮನಸ್ಸಿನಿಂದ ಸಹಿ ಹಾಕುವ ಅಳಿಯನನ್ನು ನೋಡಿ ಅತ್ತೆಯವರು ಮಗಳನ್ನು ಒಳಗೆ ಕರೆದು, ಇವರಿಗೆ ತಲೆಗೇನಾದರೂ ಪೆಟ್ಟು ಬಿದ್ದಿತ್ತೇ ಎಂದು ವಿಚಾರಿಸಿದರು.

ಭಾನುವಾರ ಹತ್ತು ಗಂಟೆಗೆ ಕೆಳಗಿನ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಕ್ರೆಟರಿಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕೈಯಲ್ಲಿ ಹೂಗುಚ್ಛ, ಇನ್ನೊಂದು ಕೈಯಲ್ಲಿ ಉಡುಗೊರೆಗೆಂದು ತಂದ ಚಕ್ರವಿರುವ ಹೊಸ ಸೂಟ್‌ಕೇಸು ಹಿಡಿದು ಬಂದರು. ಇಷ್ಟು ಜನರನ್ನು ಕಂಡು ಹಿಗ್ಗಿ ಮುಂದೆ ಹೆಜ್ಜೆ ಹಾಕಿದರು. ಆದರೆ ಯಾರೂ ಅವರಿಗೆ ದಾರಿ ಬಿಡಲಿಲ್ಲ. ವಕೀಲರ ಪಕ್ಕದಲ್ಲಿ ಅವರು ಕರೆಸಿದ್ದ ಕಾರ್ಮಿಕ ಇಲಾಖೆಯ ಅಧಿಕಾರಿ ಫೈಲು ಹಿಡಿದು ನಿಂತಿದ್ದರು. ಭಾನುವಾರವೂ ಕೆಲಸಕ್ಕೆ ಬರಬೇಕಾದವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ.

ಲಿಫ್ಟು ಇಳಿದು ಬಂತು. ಜಾಲರಿ ಸರಿಸಿದ ಲಿಫ್ಟಕ್ಕ ಇಷ್ಟು ಜನರನ್ನು ಕಂಡು, ಎದ್ದವಳು ಮತ್ತೆ ಸ್ಟೂಲಿನ ಮೇಲೆ ಕೂತುಬಿಟ್ಟಳು.

“ಇವರನ್ನು ಓಡಿಸುತ್ತಿರುವವರು ಯಾರು?” ಎಂದು ಅಧಿಕಾರಿ ಕೇಳಿದರು. ನೂರು ಕಣ್ಣು ಸೆಕ್ರೆಟರಿಗಳ ಕಡೆ ತಿರುಗಿದವು. ಸೆಕ್ರೆಟರಿಗಳು ತಮ್ಮ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದರು. ಹಿಂದೆ ಗೋಡೆ ಇತ್ತು.

ಅಧಿಕಾರಿ ಕ್ರಮ ತಪ್ಪುವವರಲ್ಲ. ದೂರನ್ನು ಪೂರ್ತಿ ಓದಬೇಕು, ಆಮೇಲೆ ಪ್ರಶ್ನೆ ಎಂದು ಆರು ಹಾಳೆಯನ್ನೂ ಗಟ್ಟಿಯಾಗಿ ಓದಲು ತೊಡಗಿದರು. ಮೊದಲ ಪುಟ ವಕೀಲರ ಕಾನೂನು. ಅದು ಮುಗಿದ ಮೇಲೆ ಮನೆಮನೆಯ ಸಾಲುಗಳು ಬಂದವು.

ಐದನೇ ಮಹಡಿಯ ದರ್ಜಿಯಮ್ಮ ಬರೆದಿದ್ದರು: ನನಗೆ ಹೆರಿಗೆ ನೋವು ಬಂದ ದಿನ ಲಿಫ್ಟಕ್ಕ ಲಿಫ್ಟು ನಿಲ್ಲಿಸಿ ಕೆಳಗೆ ಬಿಟ್ಟು, ನನ್ನ ಜೊತೆ ಆಸ್ಪತ್ರೆಗೂ ಬಂದಳು, ನನ್ನ ಮಗಳನ್ನು ನನಗಿಂತ ಮೊದಲು ನೋಡಿದವಳು ಅವಳು. ಒಂದನೇ ಮಹಡಿಯ ಕಣ್ಣು ಕಾಣದ ಪಿಟೀಲು ವಾದಕರು ಬರೆಸಿದ್ದರು: ನನ್ನ ಷರಟಿನ ಗುಂಡಿ ತಪ್ಪಿದ್ದರೆ ಬೇರೆಯವರು ಸುಮ್ಮನಿರುತ್ತಾರೆ, ಲಿಫ್ಟಕ್ಕ ಹೇಳುತ್ತಾಳೆ. ಬ್ಯಾಂಕಿನವರದು: ಹಿಂದೊಮ್ಮೆ ಕೆಲಸ ಕಳೆದುಕೊಂಡು ಎರಡು ತಿಂಗಳು ದಿನಾ ಟೈ ಕಟ್ಟಿಕೊಂಡು ಪಾರ್ಕಿಗೆ ಹೋಗಿ ಕೂರುತ್ತಿದ್ದೆ, ಅವಳಿಗೆ ತಿಳಿದಿತ್ತು, ಯಾರಿಗೂ ಹೇಳಲಿಲ್ಲ. ಇದನ್ನು ಓದಿದಾಗ ಬ್ಯಾಂಕಿನವರ ಹೆಂಡತಿ ಗಂಡನ ಕಡೆ ನೋಡಿದರು. ಬ್ಯಾಂಕಿನವರು ಲಿಫ್ಟಿನ ಕಡೆ ನೋಡಿದರು. ನನ್ನದೂ ಒಂದು ಸಾಲಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಕೊನೆಯದು ಮೇಷ್ಟ್ರದು. ಅಧಿಕಾರಿ ಅದನ್ನು ನಿಧಾನವಾಗಿ ಓದಿದರು: ನನ್ನ ಹೆಂಡತಿ ಕೊನೆಯ ಎಂಟು ತಿಂಗಳು ಗಾಲಿಕುರ್ಚಿಯಲ್ಲಿದ್ದಳು. ಸಣ್ಣ ಅಲುಗಾಟವೂ ಅವಳಿಗೆ ನೋವು. ಆ ಎಂಟು ತಿಂಗಳಲ್ಲಿ ಈ ಲಿಫ್ಟು ಏಳನೇ ಮಹಡಿಯ ನೆಲಕ್ಕೆ ಒಂದು ಕೂದಲಿನಷ್ಟೂ ಹೆಚ್ಚು ಕಡಿಮೆ ನಿಂತಿಲ್ಲ.

ಹಜಾರದ ತುಂಬ ಮೂಗೆಳೆಯುವ ಸದ್ದು. ಎಲ್ಲರಿಗಿಂತ ಜೋರಾಗಿ ಮೂಗೆಳೆಯುತ್ತಿದ್ದವರು ಆರೋಪಿಯೇ. ಅಧಿಕಾರಿ ಹಾಳೆಯನ್ನು ಮಗುಚಿ, ಹೊರಮೈಯ ಸಹಿ ನೋಡಿ, ಹುಬ್ಬೇರಿಸಿದರು.

“ದೂರು ಕೊಟ್ಟವರಲ್ಲಿ ನೀವೂ ಇದ್ದೀರಿ. ತುಂಬು ಮನಸ್ಸಿನಿಂದ ಅಂತ ಬೇರೆ ಬರೆದಿದ್ದೀರಿ.”

“ಅದು ಶುಭಾಶಯ ಅಂದ್ಕೊಂಡೆ ಸಾರ್” ಎಂದರು ಸೆಕ್ರೆಟರಿಗಳು, ಕರ್ಚೀಫು ಮಡಿಚುತ್ತಾ.

“ಹಾಗಾದರೆ ಈ ನೋಟಿಸು? ಕೈಗೆ ಸಿಕ್ಕಿದ್ದನ್ನ ತನ್ನಿ ಅಂದ್ರೆ ಏನರ್ಥ? ಕೋಲಾ, ಕಲ್ಲಾ?”

“ಹೂವು ಸಾರ್” ಎಂದು ಸೆಕ್ರೆಟರಿಗಳು ಹೂಗುಚ್ಛವನ್ನು ಮುಂದೆ ಹಿಡಿದರು. ಎರಡು ಹೂವು ಅಧಿಕಾರಿಯ ಫೈಲಿನ ಮೇಲೆ ಉದುರಿದವು.

ಮುಂದಿನ ಹತ್ತು ನಿಮಿಷ ಅಲ್ಲಿ ನಡೆದದ್ದು ವ್ಯಾಕರಣ. ಸೆಕ್ರೆಟರಿಗಳು ತಾವು ಹೇಳಹೊರಟದ್ದೇನೆಂದು ನಮ್ಮ ಭಾಷೆಯಲ್ಲಿ ಹೇಳಿದರು. ಮೇಷ್ಟ್ರು ಒಂದೊಂದು ವಾಕ್ಯವನ್ನೂ ಇಂಗ್ಲಿಷಿನಲ್ಲಿ ನೇರ ಮಾಡಿದರು. ಎಲ್ಲ ಆದ ಮೇಲೆ ಮೇಷ್ಟ್ರು, ತಪ್ಪು ತನ್ನದೂ ಇದೆ, ಅಕ್ಕಪಕ್ಕದ ಮಾತುಗಳನ್ನು ನೋಡಿದೆ, ಬರೆದ ಮನುಷ್ಯನನ್ನು ನೋಡಲಿಲ್ಲ ಎಂದು ಎಲ್ಲರ ಎದುರಿಗೆ ಒಪ್ಪಿಕೊಂಡರು. ಅತ್ತೆಯವರು ಅಳಿಯನ ಹತ್ತಿರ ಬಂದು ಹೆಗಲ ಮೇಲಿಲ್ಲದ ಧೂಳನ್ನು ಕೊಡವಿದರು. ಅವರ ಕಡೆಯಿಂದ ಅದೇ ಕ್ಷಮಾಪಣೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆರು ಹಾಳೆ ಕೇಳಿ ಕರಗಿಹೋಗಿದ್ದ ಜನ ಸುಮ್ಮನೆ ಮನೆಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಓಡಿಸುವುದಿರಲಿ, ಬೀಳ್ಕೊಡುವುದಾದರೂ ಯಾಕೆ ಎಂದು ದರ್ಜಿಯಮ್ಮ ಕೇಳಿದರು. ಹೊಸ ಲಿಫ್ಟಿನಲ್ಲೂ ಅಕ್ಕನೇ ಕೂರಲಿ, ಗುಂಡಿಯನ್ನು ನಾವು ಒತ್ತಿಕೊಳ್ಳೋಣ ಎಂದರು ಬ್ಯಾಂಕಿನವರು. ವಕೀಲರು ಅಲ್ಲೇ ಠರಾವು ಹೇಳಿ ಬರೆಸಿದರು: ಲಿಫ್ಟಕ್ಕ ಬದುಕಿರುವವರೆಗೂ ಈ ಕಟ್ಟಡದಲ್ಲೇ ಇರತಕ್ಕದ್ದು, ಯಾವ ಕಾರಣಕ್ಕೂ ಕಳಿಸಕೂಡದು. ಎಲ್ಲರೂ ಕೈಯೆತ್ತಿದೆವು. ಅಧಿಕಾರಿಗೂ ಉತ್ಸಾಹ ಬಂದು, ಯಥಾಸ್ಥಿತಿ ಕಾಪಾಡಬೇಕೆಂದು ಆದೇಶ ಬರೆದು ಸಹಿ ಹಾಕಿಯೇಬಿಟ್ಟರು. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತ ಮೇಲೆ ಲಿಫ್ಟಿನ ಒಳಗಿಂದ ಒಂದು ದನಿ ಬಂತು.

“ನಾನೊಂದು ಮಾತು ಹೇಳ್ಬಹುದಾ?”

ಆಗ ನಮಗೆ ಹೊಳೆಯಿತು. ಇಷ್ಟು ಹೊತ್ತಿನ ಗಲಾಟೆಯಲ್ಲಿ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಒಂದು ವಾರದಿಂದಲೇ ಕೇಳಿರಲಿಲ್ಲ.

ಲಿಫ್ಟಕ್ಕ ಎದ್ದು ಬಾಗಿಲಿಗೆ ಬಂದು ನಿಂತಳು. “ನನ್ನನ್ನ ಯಾರೂ ಕಳಿಸ್ತಿಲ್ಲ. ನಾನೇ ಹೊರಟಿರೋದು” ಎಂದಳು. “ಮೂವತ್ತೊಂದು ವರ್ಷ ಮೇಲೆ ಹೋದೆ, ಕೆಳಗೆ ಬಂದೆ. ಅಷ್ಟು ದೂರ ನೆಟ್ಟಗೆ ಹೋಗಿದ್ರೆ ಎಲ್ಲಿಗೆಲ್ಲಿಗೋ ತಲುಪ್ತಿದ್ದೆ. ತಲುಪಿದ್ದು ಇದೇ ಬಾಗಿಲಿಗೆ. ನನ್ನ ತಂಗಿ ಸಸಿ ಬೆಳೆಸಿ ಮಾರ್ತಾಳೆ. ಅವಳ ಜಾಗದಲ್ಲಿ ಒಂದು ಮೆಟ್ಟಿಲು ಕೂಡ ಇಲ್ಲ, ಎಲ್ಲ ನೆಲಾನೇ. ಬಾ ಅಂತ ಹತ್ತು ವರ್ಷದಿಂದ ಕರೀತಿದ್ದಾಳೆ. ಈ ಲಿಫ್ಟನ್ನ ಬೇರೆಯವರ ಕೈಗೆ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ. ಈಗ ಇದೂ ಹೋಗ್ತಿದೆ. ನಂಗೂ ಒಂದ್ಸಲ ಮುಂದಕ್ಕೆ ಹೋಗ್ಬೇಕು ಅನ್ನಿಸಿದೆ.” ಎಲ್ಲರ ಮುಖ ನೋಡಿ ಹೇಳಿದಳು: “ನೀವೆಲ್ಲ ಇಷ್ಟೊಂದು ಒಳ್ಳೆಯವರಾದ್ರೆ ನಾನು ಹೋಗೋದು ಹೇಗೆ? ಹನ್ನೆರಡೂವರೆಗೆ ಬಸ್ಸಿದೆ.”

ಠರಾವಿಗೆಂದು ಎತ್ತಿದ ಕೈಯನ್ನು ದರ್ಜಿಯಮ್ಮ ಆಗ ಮೆಲ್ಲಗೆ ಇಳಿಸಿದರು. ಅಲ್ಲಿಯವರೆಗೂ ಅದು ಮೇಲೇ ಇತ್ತು.

ಗಂಟೆ ಹನ್ನೊಂದೂ ನಲವತ್ತು. ಅಧಿಕಾರಿ ಕುತ್ತಿಗೆ ಕೆರೆದುಕೊಂಡು, ಆದೇಶ ಹೊರಟಾಗಿದೆ, ದೂರು ಕೊಟ್ಟವರು ಬರವಣಿಗೆಯಲ್ಲಿ ಹಿಂದಕ್ಕೆ ತೆಗೆದುಕೊಂಡರೆ ಮಾತ್ರ ರದ್ದಾಗುತ್ತದೆ ಎಂದರು. ವಕೀಲರು ಪೆನ್ನು ತೆಗೆದು, ‘ಮೇಲ್ಕಾಣಿಸಿದ ದೂರುದಾರರಾದ ನಾವುಗಳು ಈ ಮೂಲಕ’ ಎಂದು ಆರಂಭಿಸಿದರು. ಐದು ನಿಮಿಷವಾದರೂ ವಾಕ್ಯದಲ್ಲಿ ಕ್ರಿಯಾಪದ ಬಂದಿರಲಿಲ್ಲ. ಆಗ ಸೆಕ್ರೆಟರಿಗಳು, ನಾನು ಬರೆಯಲೇ ಎಂದರು. ಎಲ್ಲರೂ ಒಂದು ಕ್ಷಣ ಬೆಚ್ಚಿದೆವು. ನಮ್ಮ ಭಾಷೆಯಲ್ಲಿ ಎಂದು ಅವರು ಸೇರಿಸಿದ ಮೇಲೆ ಉಸಿರು ಬಿಟ್ಟೆವು.

ಸೂಟ್‌ಕೇಸನ್ನೇ ಮೇಜು ಮಾಡಿಕೊಂಡು, ಎರಡು ನಿಮಿಷದಲ್ಲಿ ಬರೆದರು. ‘ಲಿಫ್ಟಕ್ಕನಿಗೆ ಹೋಗಬೇಕೆನಿಸಿದೆ. ನಮಗೆ ಬಿಡಲು ಮನಸ್ಸಿಲ್ಲ. ಆದರೂ ಬಿಡುತ್ತೇವೆ. ಅವರು ನಮ್ಮನ್ನು ಇಷ್ಟು ವರ್ಷ ನಾವು ಹೇಳಿದಲ್ಲಿಗೆ ಕರೆದೊಯ್ದರು, ಈಗ ಅವರು ಹೇಳಿದಲ್ಲಿಗೆ ಅವರು ಹೋಗಲಿ.’ ಅಧಿಕಾರಿ ಅದನ್ನು ಎರಡು ಸಲ ಓದಿದರು. ಆದೇಶವನ್ನು ಹರಿದು ಜೇಬಿಗೆ ಹಾಕಿಕೊಂಡು, ನನ್ನ ಜೀಪು ಹೊರಗಿದೆ, ಬಸ್ ನಿಲ್ದಾಣಕ್ಕೆ ಬಿಡುತ್ತೇನೆ ಎಂದರು.

ಜೀಪಿನಲ್ಲಿ ಲಿಫ್ಟಕ್ಕ, ಸೆಕ್ರೆಟರಿಗಳು, ಅವರ ಹೆಂಡತಿ, ಮೇಷ್ಟ್ರು ಮತ್ತು ನಾನು ಹಿಡಿಸಿದೆವು. ಬಸ್ಸು ಹೊರಡಲು ಸಿದ್ಧವಾಗಿತ್ತು. ಸೂಟ್‌ಕೇಸು ಇಡಲು ಸೆಕ್ರೆಟರಿಗಳೂ ಅವಳ ಹಿಂದೆ ಹತ್ತಿದರು. ನಾನು ಕಿಟಕಿಯ ಕೆಳಗೇ ನಿಂತಿದ್ದರಿಂದ ಒಳಗಿನ ಮಾತು ಕೇಳಿಸುತ್ತಿತ್ತು. ಸೆಕ್ರೆಟರಿಗಳು, ನನ್ನ ಅರೆಬರೆ ಇಂಗ್ಲಿಷಿನಿಂದ ನಿಮಗೆ ಎಷ್ಟು ಹಿಂಸೆಯಾಯಿತು, ಡಾಕ್ಟರ ಬಳಿಗೂ ಹೋಗುವಂತಾಯಿತು, ಕ್ಷಮಿಸಿಬಿಡಿ ಎಂದು ಕೈಮುಗಿಯುತ್ತಿದ್ದರು.

“ಯಾಕೆ ಸಾರ್ ಕ್ಷಮೆ?” ಎಂದಳು ಲಿಫ್ಟಕ್ಕ. “ನೀವು ಅದನ್ನ ಸರಿಯಾಗಿ ಬರೆದಿದ್ರೆ ಏನಾಗ್ತಿತ್ತು? ಹದಿನೈದು ಜನ ಬರ್ತಿದ್ರು. ಬಿಸ್ಕತ್ತು ತಿಂದು, ಚೆನ್ನಾಗಿರಿ ಅಕ್ಕಾ ಅಂತ ಹೇಳಿ ಹೋಗ್ತಿದ್ರು. ನಾನೂ ಹೋಗ್ತಿದ್ದೆ. ಮೇಷ್ಟ್ರ ಮನೆಯವರು ಹೋಗಿ ಹನ್ನೊಂದು ವರ್ಷ ಆಯ್ತು. ಆ ಎಂಟು ತಿಂಗಳು ನಾನು ಉಸಿರು ಬಿಗಿಹಿಡಿದು ಆ ಹಿಡಿ ತಿರುಗಿಸ್ತಿದ್ದೆ ಸಾರ್. ಅದು ಒಬ್ಬರಿಗೆ ಗೊತ್ತಾಗಿತ್ತು ಅಂತ ನಂಗೆ ಇವತ್ತಿನವರೆಗೂ ತಿಳಿದಿರಲಿಲ್ಲ. ನೀವು ತಪ್ಪು ಬರೆದದ್ದಕ್ಕೆ ತಿಳೀತು.”

ಸೆಕ್ರೆಟರಿಗಳು ಪಕ್ಕದ ಸೀಟಿನಲ್ಲಿ ಕೂತು ಮತ್ತೆ ಕರ್ಚೀಫು ಹುಡುಕತೊಡಗಿದರು. ನನ್ನ ಪಕ್ಕದಲ್ಲಿದ್ದ ಮೇಷ್ಟ್ರು ಕನ್ನಡಕ ತೆಗೆದು ಒರೆ‌ಸುತ್ತಿದ್ದರು, ಸೆಕ್ರೆಟರಿಗಳ ಹೆಂಡತಿ ಮೇಷ್ಟ್ರಿಗೆ ಸಮಾಧಾನ ಹೇಳುತ್ತಿದ್ದರು. ಅಷ್ಟರಲ್ಲಿ ಬಸ್ಸು ಹೊರಟಿತು. ನಾವೆಲ್ಲ ಕೈ ಬೀಸಿದೆವು. ಬಸ್ಸು ಗೇಟು ದಾಟಿ ತಿರುಗಿದ ಮೇಲೆ ಸೆಕ್ರೆಟರಿಗಳ ಹೆಂಡತಿ ಸುತ್ತಲೂ ನೋಡಿ, “ಇವರೆಲ್ಲಿ?” ಎಂದರು.

ಮುಂದಿನದನ್ನು ಸೆಕ್ರೆಟರಿಗಳೇ ಹೇಳಿದ್ದು. ಮೂರು ನಿಲ್ದಾಣ ಕಳೆದ ಮೇಲೆ ಕಂಡಕ್ಟರು ಬಂದು ಟಿಕೆಟು ಎಂದರಂತೆ. ನಾನು ಪ್ರಯಾಣಿಕನಲ್ಲ ಎಂದರಂತೆ ಇವರು. ಹಾಗಿದ್ದರೆ ಬಸ್ಸಿನಲ್ಲಿ ಏನು ಮಾಡುತ್ತಿದ್ದೀರಿ ಎಂದು ಕಂಡಕ್ಟರು ಕೇಳಿದಾಗ, ಸೆಕ್ರೆಟರಿಗಳು ಬಾಯಿಗೆ ಬಂದ ಒಂದು ಇಂಗ್ಲಿಷ್ ಪದವನ್ನು ಕಷ್ಟಪಟ್ಟು ನುಂಗಿಕೊಂಡರಂತೆ. ಕಂಡಕ್ಟರು ಸೀಟಿ ಊದಿ, ಮುಲಾಜಿಲ್ಲದೆ ಅವರನ್ನು ಒಂದು ಇಟ್ಟಿಗೆ ಕಾರ್ಖಾನೆಯ ಮುಂದೆ ಇಳಿಸಿದರು. ಬಸ್ಸು ಮುಂದೆ ಹೊರಟಾಗ ಲಿಫ್ಟಕ್ಕ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ನಗುತ್ತಾ, ಎರಡೂ ಕೈ ಬೀಸುತ್ತಿದ್ದಳು. ರಸ್ತೆ ನೆಟ್ಟಗಿದ್ದುದರಿಂದ ಬಹಳ ಹೊತ್ತು ಕಾಣುತ್ತಿದ್ದಳಂತೆ.

ಸೆಕ್ರೆಟರಿಗಳು ಅವಳು ಮರೆಯಾಗುವವರೆಗೆ ಅಲ್ಲೇ ನಿಂತಿದ್ದರು. ಆಮೇಲೆ ರಸ್ತೆ ದಾಟಿ, ಎದುರಿಗೆ ಬಂದವರೊಬ್ಬರನ್ನು ಊರಿಗೆ ವಾಪಸು ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.